ಮನೆಗೆ ಬಾರದ ಡಾಲ್ಫಿನ್

ಅರವತ್ತು ದಾಟಿದವರ ಪಕ್ಕ ಕೂತು ‘ನಿಮ್ಮ ಮೊದಲ ಕಾರು ಯಾವುದು?’ ಅಂತ ಕೇಳಿ ನೋಡಿ. ಎರಡೇ ನಿಮಿಷದಲ್ಲಿ ಮಾತು ತೊಗೊಂಡ ಕಾರನ್ನು ಬಿಟ್ಟು ತಪ್ಪಿ ಹೋದ ಕಾರಿನ ಕಡೆ ತಿರುಗುತ್ತೆ. ‘ಫಿಯೆಟ್‌ಗೆ ಬುಕ್ ಮಾಡಿದ್ದೆ ಕಣಯ್ಯಾ, ಅಷ್ಟರಲ್ಲಿ ಟ್ರಾನ್ಸ್‌ಫರ್ ಆಯ್ತು.’ ‘ಒಂದು ಹೆರಾಲ್ಡ್ ಬಂದಿತ್ತು, ಒಳ್ಳೇ ಕಂಡೀಷನ್ನು, ನಿಮ್ಮ ಆಂಟಿ ಬೇಡ ಅಂದುಬಿಟ್ಟಳು.’ ಕೊಂಡ ಕಾರು ಹಳೇದಾಗಿ, ಹೊಗೆ ಉಗುಳಿ, ಒಂದು ದಿನ ಗುಜರಿಗೆ ಹೋಗಿರುತ್ತೆ. ಕೊಳ್ಳದೆ ಬಿಟ್ಟ ಕಾರಿಗೆ ಇವತ್ತಿಗೂ ಒಂದು ಗೀರು ಬಿದ್ದಿರಲ್ಲ.

ಮೊಬೈಲಲ್ಲೇ ಟೆಸ್ಟ್ ಡ್ರೈವ್ ಬುಕ್ ಮಾಡುವ, ಸಂಜೆಯೊಳಗೆ ಲೋನು ಪಾಸಾಗುವ ನಿಮಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಎಂಬತ್ತರ ದಶಕ ಶುರುವಾದಾಗ ನಮ್ಮಲ್ಲಿ ಕಾರು ಅಂದರೆ ಹೆಚ್ಚುಕಡಿಮೆ ಎರಡೇ: ಅಂಬಾಸಡರ್, ಪ್ರೀಮಿಯರ್ ಪದ್ಮಿನಿ. ಒಂದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚು, ಇನ್ನೊಂದು ಇಟಲಿಯ ಫಿಯೆಟ್ 1100. ವರ್ಷಕ್ಕೆ ಎಷ್ಟು ಕಾರು ಮಾಡಬಹುದು ಅನ್ನೋದಕ್ಕೂ ಸರ್ಕಾರದ ಲೈಸೆನ್ಸ್ ಬೇಕಿದ್ದ ಕಾಲ ಅದು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಸರದಿ ಬಂದ ಮೇಲೆ ಕೆಲವರು ಕಾರು ಮನೆಗೂ ತರದೆ ಹೆಚ್ಚಿನ ಬೆಲೆಗೆ ಇನ್ನೊಬ್ಬರಿಗೆ ಬಿಟ್ಟುಕೊಡುತ್ತಿದ್ದರು. ಅಷ್ಟು ವರ್ಷ ಕಾಯುವಷ್ಟರಲ್ಲಿ ಮನೆಯಲ್ಲಿ ಏನೇನೋ ಆಗಿಹೋಗಿರುತ್ತಿತ್ತು.

ಇದರ ನಡುವೆ ನಮ್ಮ ಬೆಂಗಳೂರು ಒಂದು ಆಟ ಆಡಿ ನೋಡಿತು. ಎಪ್ಪತ್ತರ ದಶಕದಲ್ಲೇ ಇಲ್ಲಿ ‘ಬಾದಲ್’ ಅಂತ ಮೂರು ಚಕ್ರದ ಕಾರು ತಯಾರಾಗಿತ್ತು. ಮುಂದೆ ಒಂದು ಚಕ್ರ, ಹಿಂದೆ ಎರಡು, ಮೈಯೆಲ್ಲಾ ಫೈಬರ್. 1982ರ ಹೊತ್ತಿಗೆ ಸಿಪಾನಿ ಆಟೋಮೊಬೈಲ್ಸ್‌ನವರು ‘ಡಾಲ್ಫಿನ್’ ತಂದರು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ‘ಕಿಟನ್’ ಅದರ ಮೂಲ. 848 ಸಿಸಿ ಎಂಜಿನ್, ಎರಡೇ ಬಾಗಿಲು, ತುಕ್ಕು ಹಿಡಿಯದ ಫೈಬರ್ ಮೈ. ತೂಕ ಕಮ್ಮಿ ಇದ್ದದ್ದಕ್ಕೆ ರ್‍ಯಾಲಿ ಹುಡುಗರಿಗೆ ಅಚ್ಚುಮೆಚ್ಚು. ರೇವಾ ಎಲೆಕ್ಟ್ರಿಕ್ ಕಾರು ಇಲ್ಲಿಂದಲೇ ಬಂದದ್ದು ನಿಮಗೆ ಗೊತ್ತಿರುತ್ತೆ, ಅದು 2001. ಡಾಲ್ಫಿನ್ ಅದಕ್ಕಿಂತ ಸುಮಾರು ಇಪ್ಪತ್ತು ವರ್ಷ ಹಿರಿಯದು.

ನಮ್ಮಪ್ಪನ ಕಣ್ಣು ಬಿದ್ದದ್ದು ಅದರ ಮೇಲೆ. ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ, ಮೂವತ್ತೈದು ವಯಸ್ಸು, ಓವರ್‌ಟೈಮಿನ ದುಡ್ಡನ್ನೆಲ್ಲ ‘ಕಾರಿಗೆ’ ಅಂತ ಬ್ಯಾಂಕಲ್ಲಿ ಬೇರೆಯೇ ಇಟ್ಟಿದ್ದರು. 1983ರಲ್ಲಿ ಒಂದು ಭಾನುವಾರ ಮನೆಮಂದಿಯೆಲ್ಲ ಹೊರಟು ಕಾರು ನೋಡಿ ಬಂದೆವು. ಅಜ್ಜಿ ಬಾನೆಟ್ ಮೇಲೆ ಬೆರಳಿನ ಗೆಣ್ಣಿನಿಂದ ಟಕಟಕ ಬಡಿದು, ‘ಇದೇನೋ, ನೀರಿನ ಬಕೀಟು ಇದ್ದಂಗೈತೆ!’ ಅಂದರು. ಅಮ್ಮನ ಯೋಚನೆಯೇ ಬೇರೆ. ಎರಡೇ ಬಾಗಿಲು ಅಂದ್ರೆ ಮುಂದಿನ ಸೀಟು ಮಡಚಿ ಹಿಂದಕ್ಕೆ ಹತ್ತಬೇಕು, ಸೀರೆ ಉಟ್ಟುಕೊಂಡು ಅಜ್ಜಿಯ ಮಂಡಿ ನೋವಿಟ್ಟುಕೊಂಡು ಅದೆಲ್ಲ ಆಗುತ್ತಾ? ಅಪ್ಪನಿಗೆ ಇದ್ಯಾವುದೂ ಕೇಳಿಸಲಿಲ್ಲ. ಹಿಂದಿನ ಗಾಜನ್ನು ಮೇಲಕ್ಕೆತ್ತಿ, ಇಳಿಸಿ, ಮತ್ತೆ ಎತ್ತಿ ನೋಡುತ್ತಾ ನಿಂತಿದ್ದರು.

ಆ ಕಾರು ಮನೆಗೆ ಬರಲಿಲ್ಲ. ಮರುವರ್ಷ ನಮ್ಮ ಅತ್ತೆಯ, ಅಂದರೆ ಅಪ್ಪನ ತಂಗಿಯ, ಮದುವೆ ಗೊತ್ತಾಯಿತು. ‘ಕಾರಿಗೆ’ ಅಂತ ಇಟ್ಟ ದುಡ್ಡು ಛತ್ರಕ್ಕೆ, ಸೀರೆಗೆ, ಬೀಗರ ಸತ್ಕಾರಕ್ಕೆ ಹೋಯಿತು.

ಅಷ್ಟೊತ್ತಿಗೆ ಮಾರುತಿ 800 ಬಂದಾಗಿತ್ತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀ ಹಸ್ತಾಂತರಿಸಿದ್ದರು. ನಾಲ್ಕು ಬಾಗಿಲು, ಜಪಾನಿನ ಎಂಜಿನ್, ಬೆಲೆ ಐವತ್ತು ಸಾವಿರದೊಳಗೆ. ಹತ್ತು ಸಾವಿರ ಮುಂಗಡ ಕಟ್ಟಿ ಲಕ್ಷಕ್ಕೂ ಹೆಚ್ಚು ಜನ ಸಾಲಿನಲ್ಲಿ ನಿಂತಿದ್ದರು. ಆಮೇಲೆ ಡಾಲ್ಫಿನ್ ಕಡೆ ತಿರುಗಿ ನೋಡುವವರು ಕಮ್ಮಿಯಾದರು. ತೊಗೊಂಡಿದ್ದರೆ ನಾಲ್ಕೈದು ವರ್ಷಕ್ಕೇ ಸ್ಪೇರ್ ಪಾರ್ಟ್‌ಗೆ ಪರದಾಡುತ್ತಿದ್ದೆವು ಅಂತ ನನಗನ್ನಿಸುತ್ತೆ. ಆದರೆ ಇದನ್ನು ಅಪ್ಪನಿಗೆ ಹೇಳೋರು ಯಾರು?

ಯಾಕೆಂದರೆ ಕಥೆ ಆಗಲೇ ಹುಟ್ಟಿಕೊಂಡಿತ್ತು. ‘ನಿನ್ನ ಮದುವೆಗೆ ನನ್ನ ಡಾಲ್ಫಿನ್ನು ಈಜ್ಕೊಂಡು ಹೋಯ್ತು ನೋಡು.’ ನಾಮಕರಣ, ಮುಂಜಿ, ಗೃಹಪ್ರವೇಶ, ಎಲ್ಲಿ ನೆಂಟರು ಸೇರಿದರೂ ಊಟದ ಎಲೆ ಮುಂದೆ ಇದೊಂದು ಜೋಕು. ಎಲ್ಲರೂ ನಗುತ್ತಿದ್ದೆವು. ಅತ್ತೆಯೂ.

ಎರಡು ವರ್ಷದ ಹಿಂದೆ, ಅಣ್ಣನ ಮನೆ ಗೃಹಪ್ರವೇಶದಲ್ಲಿ, ಅತ್ತೆ ನಗಲಿಲ್ಲ. ಬಡಿಸುತ್ತಿದ್ದ ಪಾತ್ರೆ ಕೆಳಗಿಟ್ಟು, ದನಿಯನ್ನೂ ಏರಿಸದೆ, ‘ಅಣ್ಣಾ, ನಲವತ್ತು ವರ್ಷದಿಂದ ಈ ಕಾರಿನ ಲೆಕ್ಕ ಕೇಳ್ತಾ ಇದೀನಿ’ ಅಂದರು. ‘ಆ ವರ್ಷ ನಾನೇನು ಮದುವೆ ಮಾಡು ಅಂತ ಕೇಳಿರಲಿಲ್ಲ. ಬಿ.ಎಡ್. ಫಾರ್ಮ್ ತಂದು ನಿನ್ನ ಕೈಗೆ ಕೊಟ್ಟಿದ್ದೆ. ಕಾರಿನ ದುಡ್ಡು ಮುಟ್ಟಲ್ಲ ಅಂದೆ ನೀನು. ಆರು ತಿಂಗಳಿಗೆ ಅದೇ ದುಡ್ಡಲ್ಲಿ ಛತ್ರ ಹಿಡಿದೆ.’

ನಮಗ್ಯಾರಿಗೂ ಇದು ಗೊತ್ತಿರಲಿಲ್ಲ. ಅತ್ತೆ ಬಿ.ಎಸ್ಸಿ. ಮಾಡಿದವರು, ತಿಪಟೂರಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳಿದವರು. ಸ್ಕೂಲಿಗೆ ಯಾಕೆ ಸೇರಲಿಲ್ಲ ಅಂತ ನಾನೂ ಯಾವತ್ತೂ ಕೇಳಿರಲಿಲ್ಲ. ಅಪ್ಪ ಬಹಳ ಹೊತ್ತು ಎಲೆ ನೋಡುತ್ತಾ ಕೂತಿದ್ದು, ‘ಫೀಸು ಎಷ್ಟಿತ್ತೇ?’ ಅಂದರು. ಅತ್ತೆಗೆ ರೂಪಾಯಿ ಲೆಕ್ಕದಲ್ಲಿ ನೆನಪಿತ್ತು. ಹೇಳಿದರು. ಅಪ್ಪ ಮತ್ತೆ ಮಾತಾಡಲಿಲ್ಲ. ಡಾಲ್ಫಿನ್ ಜೋಕು ಅಲ್ಲಿಗೆ ನಿಂತಿತು.

ಈಗ ಅಣ್ಣನ ಮಗನಿಗೆ ಹಳೇ ಕಾರಿನ ಹುಚ್ಚು. ಇಪ್ಪತ್ತಾರು ವಯಸ್ಸು, ಸಾಫ್ಟ್‌ವೇರ್ ಕೆಲಸ, ಪದ್ಮಿನಿ ಬೇಕಂತೆ. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ಓಡಾಟ ನಿಲ್ಲಿಸಿದ ಸುದ್ದಿ ನೋಡಿದ ದಿನದಿಂದ ಶುರುವಾದದ್ದು. ನಿಮ್ಮಲ್ಲೂ ಇಂಥವರಿರಬಹುದು, ಅದಕ್ಕೇ ಹೇಳ್ತೀನಿ. ಕಾರಿನ ಬೆಲೆಗಿಂತ ಮೊದಲು ಆರ್‌ಸಿ ನೋಡಿ. ಹದಿನೈದು ವರ್ಷ ದಾಟಿದ ಮೇಲೆ ನವೀಕರಣ ಆಗಿದೆಯಾ, ಮಾಲೀಕರ ಹೆಸರು ಸರಿಯಿದೆಯಾ? ಇಪ್ಪತ್ತು ವರ್ಷ ಮೀರಿದ ಕಾರಿಗೆ ನವೀಕರಣ ಶುಲ್ಕವನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. 2021ರ ನಿಯಮದ ವಿಂಟೇಜ್ ನೋಂದಣಿ ಬೇಕೆಂದರೆ ಕಾರಿಗೆ ಐವತ್ತು ದಾಟಿರಬೇಕು, ಬಹುತೇಕ ಪದ್ಮಿನಿಗಳಿಗೆ ಇನ್ನೂ ಆ ವಯಸ್ಸಾಗಿಲ್ಲ. ವಿಂಟೇಜ್ ಮಾಡಿಸಿದರೆ ದಿನಾ ಆಫೀಸಿಗೆ ಓಡಿಸೋ ಹಾಗೂ ಇಲ್ಲ. ಪಾರ್ಟ್ಸ್‌ಗೆ ಜೆ.ಸಿ. ರೋಡ್ ಇದ್ದೇ ಇದೆ, ತಾಳ್ಮೆ ಇರಬೇಕು ಅಷ್ಟೆ.

ಹುಡುಗ ಮೊಬೈಲಲ್ಲಿ ಫೋಟೊ ತೋರಿಸಿದ. ಅಪ್ಪನಿಗೀಗ ಎಪ್ಪತ್ತೇಳು, ಕನ್ನಡಕ ಹಣೆಗೇರಿಸಿ ಫೋಟೊ ದೊಡ್ಡದು ಮಾಡಿ ನೋಡಿದರು. ಸ್ಟೇರಿಂಗ್ ಪಕ್ಕದ ಗೇರು, ಮುಂದಿನ ಉದ್ದ ಸೀಟು, ಎಲ್ಲ ನೋಡಿದ ಮೇಲೆ ಕೇಳಿದ್ದು ಒಂದೇ.

‘ನಿನ್ನ ತಂಗಿ ಎಂ.ಎಸ್ಸಿ.ಗೆ ಸೇರ್ತೀನಿ ಅಂತಿದ್ದಳಲ್ಲ, ಫೀಸು ಕಟ್ಟಿ ಆಯ್ತಾ?’

‘ಹೋದ ತಿಂಗಳೇ ಕಟ್ಟಿದ್ವಿ ತಾತಾ.’

‘ಹಂಗಾದ್ರೆ ನೋಡೋಣ ನಡಿ’ ಅಂದವರು, ಚಳಿಗಾಲದ ಬೆಳಿಗ್ಗೆ ಚೋಕ್ ಎಷ್ಟು ಎಳೀಬೇಕು ಅನ್ನೋದನ್ನು ಕೈಯಲ್ಲೇ ತೋರಿಸತೊಡಗಿದರು.