ಮೆತ್ತನೆಯ ಮಾತಿನ ಬೆಲೆ

ಇಂಗ್ಲಿಷರು ಭಿನ್ನಾಭಿಪ್ರಾಯವನ್ನು ಮೆತ್ತಗೆ ಸುತ್ತಿ ಹೇಳುವುದು ನಾಗರಿಕತೆಯ ಶಿಖರ, ನಮ್ಮ ಕಚೇರಿಗಳೂ ಅದನ್ನು ಕಲಿಯಬೇಕು ಎಂದು ಕಳೆದ ಸಂಚಿಕೆಯಲ್ಲಿ ಲೇಖಕರೊಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ.

1951ರ ಏಪ್ರಿಲ್‌ನಲ್ಲಿ ಕೊರಿಯಾದ ಇಮ್ಜಿನ್ ನದಿಯ ಬಳಿ ಚೀನೀ ಪಡೆ ಮುಗಿಬಿದ್ದಾಗ, ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರೋಡಿ ತಮ್ಮ ಅಮೆರಿಕನ್ ಮೇಲಧಿಕಾರಿಗೆ ಹೇಳಿದ್ದು, ಪರಿಸ್ಥಿತಿ ಸ್ವಲ್ಪ ಬಿಗಿಯಾಗಿದೆ ಎಂಬರ್ಥದ ಮಾತಂತೆ. ಅಂಥ ಅಪಾಯವೇನಿಲ್ಲ ಎಂದು ಆ ಮೇಲಧಿಕಾರಿ ತಿಳಿದರು. ಬ್ರೋಡಿಯವರ ಕೈಕೆಳಗಿದ್ದ ಗ್ಲಾಸ್ಟರ್‌ಷೈರ್ ರೆಜಿಮೆಂಟಿನ ಬೆಟಾಲಿಯನ್ ಶತ್ರುಗಳ ನಡುವೆ ಸಿಕ್ಕಿಬಿತ್ತು. ಬಹುಪಾಲು ಸೈನಿಕರು ಸೆರೆಯಾದರು. ಗಮನಿಸಿ, ಆ ಇಬ್ಬರು ಅಧಿಕಾರಿಗಳ ಭಾಷೆಯೂ ಇಂಗ್ಲಿಷೇ.

ಇಂಥದೇ ಇನ್ನೊಂದು ಘಟನೆ. 1982ರ ಜನವರಿ 13ರಂದು, ಹಿಮ ಸುರಿಯುತ್ತಿದ್ದ ವಾಷಿಂಗ್ಟನ್‌ನಲ್ಲಿ ಏರ್ ಫ್ಲೋರಿಡಾ ವಿಮಾನ ಓಡುದಾರಿಯಲ್ಲಿ ವೇಗ ಪಡೆಯುತ್ತಿತ್ತು. ಮಾಪಕ ಸರಿಯಿಲ್ಲ ಎಂದು ಸಹಪೈಲಟ್ ಮತ್ತೆ ಮತ್ತೆ ಹೇಳಿದ. ಕ್ಯಾಪ್ಟನ್ ಒಪ್ಪದಿದ್ದಾಗ, ಸರಿಯಿರಬಹುದೇನೋ ಎಂದು ತಾನೇ ಹಿಂದೆ ಸರಿದ. 'ನಿಲ್ಲಿಸಿ' ಎನ್ನಲಿಲ್ಲ. ವಿಮಾನ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. 78 ಜನ ಸತ್ತರು.

ಸಮಾನರ ನಡುವೆ ಈ ಸೌಜನ್ಯ ಚೆಂದವೇ. ಆದರೆ ಕಿರಿಯ ಹಿರಿಯನಿಗೆ ಹೇಳಬೇಕಾದಾಗ ಅದು ಸೌಜನ್ಯವಲ್ಲ, ಭಯ. ನಮ್ಮ ಕಚೇರಿಗಳಲ್ಲಿ ಆ ಭಯ ಈಗಾಗಲೇ ಬೇಕಾದಷ್ಟಿದೆ. ವಿಮಾನಯಾನ ಸಂಸ್ಥೆಗಳಂತೂ ಇಂದು ಕಿರಿಯ ಪೈಲಟ್‌ಗಳಿಗೆ ನೇರವಾಗಿ ತಡೆದು ಮಾತಾಡುವ ತರಬೇತಿಯನ್ನೇ ಕೊಡುತ್ತಿವೆ.