ಹೊಸ ಗಿಡಕ್ಕೂ ಪ್ರೊಬೇಷನ್ ಬೇಕು

ಒಂದು ಸರ್ಕಾರಿ ನೌಕರಿಗಾಗಿ ನಾವು ಏನೆಲ್ಲ ದಾಟಬೇಕು! ಅರ್ಜಿ, ಪರೀಕ್ಷೆ, ಕಟ್ ಆಫ್, ದಾಖಲೆ ಪರಿಶೀಲನೆ. ಆದೇಶ ಕೈಗೆ ಬಂದ ಮೇಲೂ ಪ್ರೊಬೇಷನ್. ಆದರೆ ನಮ್ಮ ಅಂಗಳಕ್ಕೆ ಬಂದು ಹತ್ತಾರು ವರ್ಷ ಬೇರೂರುವ ಹೂಗಿಡಕ್ಕೆ ಯಾವ ಪರೀಕ್ಷೆಯೂ ಇಲ್ಲ. ಗಾಡಿಯಲ್ಲಿ ಸಸಿ ತುಂಬಿಕೊಂಡು ಬಂದವನು ‘ಹೊಸಾ ವೆರೈಟಿ ಐತ್ರಿ, ಎಲ್ಲಿ ಹಚ್ಚಿದ್ರೂ ಬರ್ತೈತಿ’ ಎಂದರೆ ಮುಗಿಯಿತು, ನೇಮಕಾತಿ ಆದಂತೆಯೇ.

ನಮ್ಮವ್ವ ಹಾಗೆಯೇ ಎರಡು ಇಕ್ಸೋರಾ ಗಿಡ ಕೊಂಡಳು. ಕೆಂಪು ಗೊಂಚಲು ಕಣ್ಣು ಕುಕ್ಕುವಂತಿತ್ತು. ನಮ್ಮದು ಎರೆ ಮಣ್ಣು. ದೀಪಾವಳಿ ಹೊತ್ತಿಗೆ ಹೊಸ ಎಲೆಗಳು ಹಳದಿಯಾದವು, ನರ ಮಾತ್ರ ಹಸಿರು ಉಳಿಯಿತು. ಗೊಬ್ಬರ ಹಾಕಿದಳು, ಕುಡಿಯುವ ನೀರಿನಲ್ಲೇ ಪಾಲು ಕೊಟ್ಟಳು. ಏಪ್ರಿಲ್‌ನಲ್ಲಿ ಎರಡೂ ಒಣಗಿದವು. ‘ನನ್ನ ಕೈಗುಣಾನ ಸರಿ ಇಲ್ಲ’ ಎಂದು ತನ್ನನ್ನೇ ಬೈದುಕೊಂಡಳು.

ಕೈಗುಣದ್ದಲ್ಲ, ಮಣ್ಣಿನ ಗುಣ. ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಅಂಥ ಕ್ಷಾರ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಇಕ್ಸೋರಾ ಹುಳಿ ಮಣ್ಣು ಬಯಸುವ ಗಿಡ. ಕರಾವಳಿಯವರು ಕೇಪಳ ಎಂದು ಕರೆಯುವುದು ಇದನ್ನೇ. ಅಲ್ಲಿ ಗುಡ್ಡದ ಮೇಲೆ ತಾನಾಗಿಯೇ ಅರಳುತ್ತದೆ. ಗಿಡ ಕೆಟ್ಟದ್ದಲ್ಲ, ಪೋಸ್ಟಿಂಗ್ ತಪ್ಪಾಗಿತ್ತು.

ಎರಡು ಗಿಡ ಸತ್ತರೆ ನಷ್ಟ ಒಂದು ಮನೆಯದು. ಆದರೆ ಚೆನ್ನಾಗಿ ಬೆಳೆದೂ ಕಾಟ ಕೊಡುವ ಗಿಡಗಳಿವೆ. ಕೊನೊಕಾರ್ಪಸ್ ನೋಡಿ. ಬೇಗ ಬೆಳೆಯುತ್ತದೆ, ಸದಾ ಹಸಿರು, ಕತ್ತರಿಸಿದಂತೆ ಬೇಲಿಯಾಗುತ್ತದೆ. ಹೀಗಾಗಿ ಹೊಸ ಬಡಾವಣೆಗಳಿಗೆಲ್ಲ ಅಚ್ಚುಮೆಚ್ಚು. 2023ರ ಸೆಪ್ಟೆಂಬರ್‌ನಲ್ಲಿ ಗುಜರಾತ್ ಸರ್ಕಾರ ಅದನ್ನು ನೆಡುವುದನ್ನೇ ನಿಷೇಧಿಸಿತು. ಪರಾಗದಿಂದ ನೆಗಡಿ, ಕೆಮ್ಮು, ಆಸ್ತಮಾ ಬರುತ್ತದೆ, ಬೇರುಗಳು ಕೇಬಲ್ ಮತ್ತು ಚರಂಡಿ ಪೈಪುಗಳಿಗೆ ಹಾನಿ ಮಾಡುತ್ತವೆ ಎಂಬ ಕಾರಣ ಕೊಟ್ಟಿತು. ಅಲರ್ಜಿಯ ಬಗ್ಗೆ ತಜ್ಞರಲ್ಲಿ ಇನ್ನೂ ಚರ್ಚೆ ಇದೆ. ನನ್ನ ಪ್ರಶ್ನೆ ಬೇರೆ: ಊರೂರಲ್ಲಿ ಸಾಲುಗಟ್ಟಿ ನೆಟ್ಟ ಮೇಲೆ ಈ ಚರ್ಚೆ ಏಕೆ? ನೆಡುವ ಮೊದಲೇ ಏಕಾಗಲಿಲ್ಲ?

ಇತಿಹಾಸವೂ ಇದನ್ನೇ ಹೇಳುತ್ತದೆ. ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ಬಣ್ಣದ ಹೂವಿನ ಚೆಂದಕ್ಕೆ ತಂದ ಲಂಟಾನ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡನ್ನೇ ನುಂಗುತ್ತಿದೆ. ಬಳ್ಳಾರಿ ಜಾಲಿಯ ಕಥೆಯನ್ನು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಹಾಳು ಬಿದ್ದ ಯಾವ ಹೊಲದ ಬದುವಿಗೆ ಹೋದರೂ ಮುಳ್ಳೇ ಹೇಳುತ್ತದೆ.

ಹಾಗೆಂದು ಹೊರಗಿನಿಂದ ಬಂದದ್ದೆಲ್ಲ ಬೇಡ ಎನ್ನುತ್ತಿಲ್ಲ. ಮೆಣಸಿನಕಾಯಿಯೂ ಹೊರಗಿನದೇ. ಬಿರುಬಿಸಿಲಲ್ಲೂ ನಗುವ ಕಾಗದದ ಹೂ ದಕ್ಷಿಣ ಅಮೆರಿಕದ್ದು. ಇತ್ತ, ಬರ ತಡೆಯುವ, ನಮಗೆಲ್ಲ ಪರಿಚಿತವಾದ ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲವೂ ವಿಷ. ಚಿಕ್ಕ ಮಕ್ಕಳು, ಆಡು ಇರುವ ಮನೆಯಲ್ಲಿ ಎಚ್ಚರ ಬೇಕು. ಹೊಸದೋ ಹಳೆಯದೋ ಎಂಬುದಲ್ಲ, ಪರೀಕ್ಷೆ ಪಾಸಾಗಿದೆಯೋ ಇಲ್ಲವೋ ಎಂಬುದೇ ಮುಖ್ಯ.

ಸಂಶೋಧನಾ ಸಂಸ್ಥೆಗಳು ಪರೀಕ್ಷಿಸಿಯೇ ತಳಿ ಬಿಡುಗಡೆ ಮಾಡುತ್ತವೆ ನಿಜ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಕನಕಾಂಬರದಲ್ಲೇ ಅರ್ಕಾ ಶ್ರೇಯಾ, ಅರ್ಕಾ ಶ್ರಾವ್ಯ, ಅರ್ಕಾ ಚೆನ್ನ ಎಂಬ ತಳಿಗಳನ್ನು ಕೊಟ್ಟಿದೆ. ಆದರೆ ಹೆಸರಘಟ್ಟದ ತಂಪು, ಕೆಂಪು ಮಣ್ಣು ಬೇರೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆ ಬೇರೆ. ನಮ್ಮಲ್ಲೂ ಇಂಡಿಯ ಲಿಂಬೆ ತೋಟದ ನೆಲ, ಸಿಂದಗಿಯ ಎರೆ, ಮುದ್ದೇಬಿಹಾಳದ ಮಡ್ಡಿ, ಬಸವನ ಬಾಗೇವಾಡಿ ಕಡೆಯ ಡೋಣಿ ಬಯಲಿನ ಉಪ್ಪು ಮಣ್ಣು ಒಂದೇ ಅಲ್ಲ.

ಈ ಬುದ್ಧಿ ನಮ್ಮ ರೈತರಿಗೆ ಮೊದಲಿನಿಂದಲೂ ಇದೆ. ಹೊಸ ಜೋಳದ ತಳಿ ಬಂದರೆ ಇಡೀ ಹೊಲಕ್ಕೆ ಬಿತ್ತುವುದಿಲ್ಲ. ಒಂದು ಮೂಲೆಯಲ್ಲಿ ಬಿತ್ತಿ, ಪಕ್ಕದ ಮಾಲದಂಡಿಯೊಂದಿಗೆ ತೂಗಿ ನೋಡುತ್ತಾರೆ. ತೆನೆ ಮಾತ್ರವಲ್ಲ, ಕಣಿಕೆ ಎಷ್ಟು, ರೊಟ್ಟಿ ಹೇಗೆ ಎಂದೂ ನೋಡುತ್ತಾರೆ. ಹೂಗಿಡಕ್ಕೂ ಅದೇ ಕ್ರಮ ಸಾಕು.

ನಾಲ್ಕೂ ತಾಲ್ಲೂಕಿನ ಕಾಲೇಜುಗಳಲ್ಲಿ ಎನ್‌ಎಸ್‌ಎಸ್ ಘಟಕಗಳಿವೆ, ಸಸ್ಯಶಾಸ್ತ್ರ ಓದುವವರಿದ್ದಾರೆ. ಪ್ರತಿ ಕಾಲೇಜು ವರ್ಷಕ್ಕೆ ನಾಲ್ಕೈದು ಹೊಸ ಗಿಡ ಆರಿಸಲಿ. ಒಂದೊಂದರಲ್ಲಿ ಮೂರು ಸಸಿ ಇರಲಿ, ಪಕ್ಕದಲ್ಲಿ ಹೋಲಿಕೆಗೆ ಊರಿನ ದಾಸವಾಳ ಇರಲಿ. ಒಂದು ನೋಟ್‌ಬುಕ್ ಇಟ್ಟು ಬರೆಯಲಿ: ವಾರಕ್ಕೆ ಎಷ್ಟು ಕೊಡ ನೀರು? ಎಲೆ ಹಳದಿಯಾಯಿತೇ? ಹಿಟ್ಟು ತಿಗಣೆ ಹತ್ತಿತೇ? ಜೇನು, ಚಿಟ್ಟೆ ಬಂದವೇ? ಬೀಜ ಬಿದ್ದು ಪಾತಿಯ ಆಚೆ ಸಸಿ ಎದ್ದವೇ? ಕನಿಷ್ಠ ಎರಡು ಬೇಸಿಗೆ ದಾಟಿದ ಗಿಡಕ್ಕೆ ಮಾತ್ರ ಪಾಸ್ ಸರ್ಟಿಫಿಕೇಟ್. ಅನುಮಾನ ಬಂದರೆ ಕೇಳಲು ಇಂಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ವಿಜಯಪುರದ ಹತ್ತಿರ ಹಿಟ್ನಳ್ಳಿ ಕೃಷಿ ಸಂಶೋಧನಾ ಕೇಂದ್ರವಿದೆ.

‘ಓದು ಬಿಟ್ಟು ಇದೇನು ಉಸಾಬರಿ?’ ಎಂದು ಗೆಳೆಯರು ಕೇಳಬಹುದು. ಅಧಿಸೂಚನೆಗಾಗಿ ಕಾಯುತ್ತಿರುವ ನಮಗೆ ಇದೂ ಒಂದು ದಾರಿ. ‘ಎಲ್ಲಿ ಹಚ್ಚಿದ್ರೂ ಬರ್ತೈತಿ’ ಎನ್ನುವ ಗಾಡಿಯವನಿಗಿಂತ, ‘ಇದು ಎರಿಗೆ ಬರ್ತೈತಿ, ಇದು ಬರಂಗಿಲ್ಲ, ನೋಡ್ರಿ ಎರಡು ವರ್ಷದ ಲೆಕ್ಕ’ ಎಂದು ಪುಸ್ತಕ ತೆರೆದು ತೋರಿಸುವ ನರ್ಸರಿಯವನನ್ನೇ ಜನ ಹುಡುಕಿಕೊಂಡು ಬರುತ್ತಾರೆ. ಊರಿನಲ್ಲೇ ನಿಂತು ಮಾಡಬಹುದಾದ ದುಡಿಮೆ ಅದು.

ಅವ್ವ ಈಗ ಖಾಲಿ ಪಾತಿಯಲ್ಲಿ ಮತ್ತೊಂದು ಗಿಡ ಹಚ್ಚಬೇಕೆಂದಿದ್ದಾಳೆ. ಯಾವುದು ಎಂದು ನನ್ನನ್ನೇ ಕೇಳುತ್ತಾಳೆ. ಡಿಗ್ರಿ ಮುಗಿಸಿದ ಮಗನ ಬಳಿ ಇದಕ್ಕೆ ಉತ್ತರವಿಲ್ಲ ಎಂಬುದೇ ಈ ಲೇಖನ ಬರೆಯಲು ಕಾರಣ.