ಕೋಟೆಯ ಊರೂ ಹಿಂದೆ ಉಳಿಯುವ ಬಾಲಿಕೆಯೂ

ಪ್ರತಿ ವರುಷ ದೀಪಾವಳಿಯ ರಜೆ ಮುಗಿಯುತ್ತಲೇ ನಮ್ಮ ಸೀಮೆಯ ಹೈಸ್ಕೂಲುಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಗುಡೂರು, ಇಳಕಲ್ಲು, ಹುನಗುಂದ, ಬಾದಾಮಿಗಳ ಸುತ್ತಿನಲ್ಲಿ ವಾಸಿಸುವ ನಮಗೆ ನೋಡತಕ್ಕ ಸ್ಥಳಗಳ ಬಡತನವೇನೂ ಇಲ್ಲ. ಐಹೊಳೆ ಪಟ್ಟದಕಲ್ಲುಗಳು ನೆರೆಮನೆಗಳಂತೆ ಹತ್ತಿರದಲ್ಲಿವೆ. ಆದರೂ ಬಾಲಿಕೆಯರ ಮನಸ್ಸು ಓಡುವದು ವಿಜಯಪುರದ ಕಡೆಗೆ. ಗೋಲಗುಮ್ಮಟದ ಮೇಲೇರಿ ಕೂಗಿ ಪ್ರತಿಧ್ವನಿಯನ್ನು ಕೇಳದ ಹೊರತು ಅವರಿಗೆ ಪ್ರವಾಸವು ಪ್ರವಾಸವೆನಿಸದು. ಅಂಥ ಪ್ರವಾಸಗಳ ವರ್ಣನೆಯನ್ನು ಈ ಸಂಚಿಕೆಯಲ್ಲಿ ವಿದ್ಯಾರ್ಥಿನಿಯರೇ ಬರೆಯುವರು. ನಾವು ಒಂದು ಅಭಿಪ್ರಾಯವನ್ನು ಮಾತ್ರ ವಾಚಕರ ಮುಂದಿಡುತ್ತೇವೆ: ನಡೆಯಲಾರಳೆಂಬ ಕಾರಣಕ್ಕಾಗಿ ಒಬ್ಬ ಬಾಲಿಕೆಯನ್ನು ಹಿಂದೆ ಬಿಟ್ಟು ಹೋಗಬೇಕಾಗುವ ಪ್ರವಾಸವನ್ನು ಯಾವ ಶಾಲೆಯೂ ಕೈಕೊಳ್ಳತಕ್ಕದ್ದಲ್ಲ.

ಹೀಗೆ ಹಿಂದೆ ಬಿಡುವದು ಕಠೋರತನದಿಂದ ನಡೆಯುವದಿಲ್ಲ, ಕನಿಕರದಿಂದಲೇ ನಡೆಯುತ್ತದೆ. ಹೆಸರುಗಳ ಪಟ್ಟಿಯನ್ನು ಬರೆಯುವಾಗ ಶಿಕ್ಷಕಿಯ ಲೇಖನಿಯು ಒಂದು ಹೆಸರಿನ ಮುಂದೆ ತಡೆಯುತ್ತದೆ. ತಂದೆಯು ಬಂದು, “ಆಕಿಗ್ಯಾಕ ತ್ರಾಸ ಬಿಡ್ರಿ ಅಕ್ಕೋರ, ಮನ್ಯಾಗ ಇರ್ತಾಳ” ಎನ್ನುತ್ತಾನೆ. ಬಾಲಿಕೆಯನ್ನು ಕೇಳಿದರೆ ತನಗೆ ಮನಸ್ಸಿಲ್ಲವೆನ್ನುತ್ತಾಳೆ. ಅಲ್ಲಿಗೆ ಎಲ್ಲರಿಗೂ ಹಗುರಾಗುತ್ತದೆ. ಕರೆದುಕೊಂಡು ಹೋದರೂ ಕೆಲವೆಡೆಗಳಲ್ಲಿ ಅವಳು ಬುತ್ತಿಯ ಗಂಟುಗಳಿಗೂ ಪಾದರಕ್ಷೆಗಳಿಗೂ ಕಾವಲಾಗಿ ಮರದ ನೆರಳಿನಲ್ಲಿ ಕೂಡ್ರುವದುಂಟು. ಹದಿಮೂರು ಹದಿನಾಲ್ಕು ವರುಷದ ಹುಡುಗಿಯು ತನಗೆ ಮನಸ್ಸಿಲ್ಲವೆಂದರೆ ಆ ಮಾತನ್ನು ಕೂಡಲೆ ಒಪ್ಪಬಾರದೆಂದು ನಮ್ಮ ಅನುಭವವು ಹೇಳುತ್ತದೆ. ಇತರರಿಗೆ ಹೊರೆಯಾಗಬಾರದೆಂಬದನ್ನು ಅವಳು ಬಹು ಮುಂಚೆಯೇ ಕಲಿತಿರುತ್ತಾಳೆ. ಯಾವ ಪುಸ್ತಕದಲ್ಲಿಯೂ ಇಲ್ಲದ ಆ ಪಾಠವನ್ನು ಅವಳಿಗೆ ಕಲಿಸಿದ್ದು ಹಿರಿಯರ ಕನಿಕರವೇ.

ಇದು ಒಂದೆರಡು ಮಕ್ಕಳ ಸಂಗತಿಯೆಂದು ಎಣಿಸಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಹೇಳುತ್ತದೆ. 1995ರ ಕಾಯಿದೆಯಲ್ಲಿ ಅವು ಏಳೇ ಇದ್ದವು. ಕಾಯಿದೆಯ ಲೆಕ್ಕಕ್ಕೆ ಸಿಕ್ಕದವರೂ ಉಂಟು. ನಮ್ಮ ಕಡೆಯ ಎಷ್ಟೋ ತಾಯಂದಿರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತ ಆಯುಷ್ಯ ಕಳೆದವರು. ಮುಪ್ಪು ಬರುವ ಮೊದಲೇ ಅವರ ಮೊಣಕಾಲು ಸೊಂಟಗಳು ಸೋಲುತ್ತವೆ. ದಮ್ಮಿನವರಿಗೂ, ಗರ್ಭಿಣಿಯರಿಗೂ, ವೃದ್ಧರಿಗೂ ಕಡಿದಾದ ಮೆಟ್ಟಿಲು ಒಂದೇ ಬಗೆಯ ಗೋಡೆ. ಇಂದು ಓಡಿ ಹತ್ತುವ ಬಾಲಿಕೆಯೂ ದೇವರು ದೀರ್ಘಾಯುಷ್ಯ ಕೊಟ್ಟರೆ ಒಂದು ದಿನ ಕೋಲು ಹಿಡಿಯತಕ್ಕವಳೇ.

ಹಾಗಾದರೆ ಕೋಟೆಯ ಊರಿನಲ್ಲಿ ಹತ್ತಲಾರದವಳು ನೋಡುವದೇನೆಂದು ಕೆಲವರು ಕೇಳುವರು. ಕೋಟೆಗೋಡೆಯಿಂದಲೇ ಆರಂಭಿಸೋಣ. ವಿಜಯಪುರದ ಹೊರಗೋಡೆಯು ಮೊದಲನೆಯ ಅಲಿ ಆದಿಲಶಾಹನ ಕಾಲದಲ್ಲಿ, 1565ರ ಸುಮಾರಿಗೆ ಪೂರ್ತಿಯಾದದ್ದು. ಅದರ ಸುತ್ತಳತೆ ಸುಮಾರು 10 ಕಿಲೋಮೀಟರು. ಗಟ್ಟಿ ಕಾಲುಳ್ಳವರೂ ಅದನ್ನು ನಡೆದು ಸುತ್ತುವದು ಅಪರೂಪ. ಟಾಂಗಾದಲ್ಲಾಗಲಿ ಆಟೋದಲ್ಲಾಗಲಿ ಕುಳಿತು ಮಕ್ಕಾ, ಶಹಾಪುರ, ಬಹಮನಿ, ಅಲ್ಲಾಪುರ, ಮನಗೂಳಿ ಎಂಬ ಐದು ಅಗಸಿಗಳ ದಾರಿ ಹಿಡಿದರೆ ಗೋಡೆಯ ದಪ್ಪವೂ, ಬುರುಜುಗಳ ಅಂತರವೂ, ಕಂದಕದ ಆಳವೂ ಒಂದೊಂದಾಗಿ ತಿಳಿಯುತ್ತವೆ. ಅರಕಿಲ್ಲೆಯಲ್ಲಿನ ಗಗನ ಮಹಲಿನ ಹಿರಿಯ ಕಮಾನೂ, ಮುಗಿಯದೆ ನಿಂತ ಬಾರಾ ಕಮಾನಿನ ಸಾಲೂ ನೆಲದಿಂದಲೇ ಕಾಣುತ್ತವೆ. ಸುಮಾರು 80 ಅಡಿ ಎತ್ತರದ ಉಪಲಿ ಬುರುಜಿಗೆ ಮೆಟ್ಟಿಲುಗಳು ಹೊರಮೈಯನ್ನು ಸುತ್ತಿಕೊಂಡು ಏರುತ್ತವೆ. ಹತ್ತಿದವಳಿಗೆ ಊರಿನ ಮಾಳಿಗೆಗಳು ಕಂಡಾವು. ಬುರುಜಿನ ರಚನೆಯು ಕಾಣುವದು ಕೆಳಗೆ ನಿಂತವಳಿಗೆ.

ಗೋಲಗುಮ್ಮಟದ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಈ ಗೋರಿಯ ಒಳಗಿನ ಕೋಣೆಯು ಚೌಕವಾಗಿದ್ದು ಒಂದೊಂದು ಬದಿಗೆ 135 ಅಡಿ ಇದೆ. ನಡುವೆ ಒಂದು ಕಂಬವೂ ಇಲ್ಲ. ಕೆಳಗಿನ ಚೌಕದ ಮೇಲೆ ಮೇಲಿನ ದುಂಡು ಗುಮ್ಮಟವು ನಿಂತದ್ದು ಹೇಗೆಂಬದೇ ಇಲ್ಲಿ ಕಲಿಯತಕ್ಕ ಪಾಠ. ಎಂಟು ಕಮಾನುಗಳು ಒಂದನ್ನೊಂದು ಛೇದಿಸಿ ಮೂಲೆಗಳನ್ನು ಒಳಕ್ಕೆ ತರುತ್ತ ಚೌಕವನ್ನು ಮೆಲ್ಲಗೆ ದುಂಡಗೆ ಮಾಡುತ್ತವೆ. ಗುಮ್ಮಟವು ಹೊರಕ್ಕೆ ಒತ್ತುವ ಭಾರವನ್ನು ಆ ಮೂಲೆಗಳ ಒಳವಾಲಿದ ಭಾರವು ತಡೆದು ಹಿಡಿಯುತ್ತದೆ. ಇದನ್ನು ನೋಡಬೇಕಾದರೆ ನೆಲದ ಮೇಲೆ ಕುಳಿತು ತಲೆಯನ್ನು ಹಿಂದಕ್ಕೆ ಬಾಗಿಸಬೇಕು. ಪಿಸುಮಾತಿನ ಮೊಗಸಾಲೆಗೆ ಏರಿದವಳಿಗೆ ಆ ಕಮಾನುಗಳು ಕಾಲ ಕೆಳಗೆ ಉಳಿದುಬಿಡುತ್ತವೆ. ಮೂಲೆಯ ಗೋಪುರದ ಏಳು ಅಂತಸ್ತುಗಳನ್ನು ಓಡಿ ಹತ್ತಿ, ನಾಲ್ಕು ಸಲ ಕೂಗಿ, ಓಡಿ ಇಳಿದು ಬಂದ ಎಷ್ಟೋ ಬಾಲಿಕೆಯರಿಗೆ ಗುಮ್ಮಟವು ಯಾವುದರ ಮೇಲೆ ನಿಂತಿದೆಯೆಂದು ಕೇಳಿದರೆ ಉತ್ತರವಿರುವದಿಲ್ಲ.

ಹಾಗೆಂದು ಮೊಗಸಾಲೆಯ ಪಿಸುಮಾತು ಅಲ್ಪವಾದದ್ದೆಂದು ನಾವು ಹೇಳುವವರಲ್ಲ. 38 ಮೀಟರಿನಾಚೆಯ ಗೋಡೆಗೆ ಕಿವಿಗೊಟ್ಟವಳಿಗೆ ಈಚೆಯ ಪಿಸುಮಾತು ಕೇಳುವದು ದೊಡ್ಡ ಸೋಜಿಗ. ಅದನ್ನು ಕೇಳಲಾರದವಳಿಗೆ ನಷ್ಟವಾಗುತ್ತದೆ. ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ ತೋಪಿನ ಸಂಗತಿಯೂ ಹಾಗೆಯೇ. 1549ರಲ್ಲಿ ಎರಕಹೊಯ್ದ ಆ ತೋಪಿನ ಬಾಯಿಯ ಕೆತ್ತನೆಯನ್ನು ಮುಟ್ಟಿ ನೋಡಬೇಕಾದರೆ ಮೆಟ್ಟಿಲು ಹತ್ತಲೇಬೇಕು. ಈ ನಷ್ಟವನ್ನು ಮರೆಮಾಚಬಾರದು. ಸುಳ್ಳು ಸಮಾಧಾನವನ್ನು ಮಕ್ಕಳು ಬೇಗನೆ ಗುರುತಿಸುತ್ತಾರೆ. ಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಒಡೆದು ಅಗಲಮಾಡಿರೆಂದು ನಾವು ಕೇಳುವದೂ ಇಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ಆ ಕಲ್ಲುಗಳನ್ನು ಕಾಯುತ್ತದೆ, ಕಾಯುವದು ಯುಕ್ತವೇ.

ಆದರೆ ಗೋಪುರದ ಮೆಟ್ಟಿಲುಗಳು ಬೇರೆ, ಬಾಗಿಲಿನ ಮೆಟ್ಟಿಲುಗಳು ಬೇರೆ. ಹೊರ ಅಂಗಳದಿಂದ ಒಳಗಿನ ನೆಲದ ತನಕ ಇರುವ ಕೆಲವೇ ಮೆಟ್ಟಿಲುಗಳಿಗೆ, ಇಟ್ಟು ತೆಗೆಯಬಹುದಾದ ಕಟ್ಟಿಗೆಯ ಇಳಿಜಾರು ಹಲಿಗೆಯನ್ನು ಹಾಕಿದರೆ ಒಂದು ಕಲ್ಲಿಗೂ ನೋವಾಗುವದಿಲ್ಲ. ದಾರಿಯಲ್ಲಿ ನೆರಳಿನ ಆಸನ, ಅಗಲ ಬಾಗಿಲಿನ ಶೌಚಗೃಹ, ಚೀಟಿ ಕೊಡುವಲ್ಲಿ ಒಂದು ಗಾಲಿಕುರ್ಚಿ, ಅದನ್ನು ತೆಗೆದುಕೊಡಲು ಒಬ್ಬ ಮನುಷ್ಯ: ಇವು ಪ್ರತಿಯೊಂದು ಸ್ಮಾರಕದಲ್ಲಿಯೂ ಇರತಕ್ಕವು. ಹಂಪಿಯೂ ಕೋಟೆಗಳ ಊರೇ. ಅಲ್ಲಿ ವಿಠ್ಠಲ ದೇವಾಲಯದ ದೂರದ ದಾರಿಗೆ ಬ್ಯಾಟರಿಯ ಗಾಡಿಗಳನ್ನು ಹೂಡಿ, ಅವುಗಳನ್ನು ನಡೆಸಲು ಹೆಣ್ಣುಮಕ್ಕಳನ್ನೇ ನೇಮಿಸಿದ್ದರಿಂದ ಎಷ್ಟೋ ವೃದ್ಧರು ಕಲ್ಲಿನ ರಥವನ್ನು ಕಂಡರು. ಕೇಂದ್ರ ಸರಕಾರವು 2015ರ ಡಿಸೆಂಬರ 3ರಂದು ಸುಗಮ್ಯ ಭಾರತ ಅಭಿಯಾನವನ್ನು ಆರಂಭಿಸಿತು. ಮರು ವರುಷದ ಕಾಯಿದೆಯು ಸಂಸ್ಕೃತಿ ವಿನೋದಗಳಲ್ಲಿ ಅಂಗವಿಕಲರಿಗೆ ಸಮನಾದ ಪಾಲಿದೆಯೆಂದು ಒಪ್ಪಿತು. ಆದುದರಿಂದ ಇವನ್ನು ಕೇಳುವವರು ಭಿಕ್ಷೆ ಬೇಡುವವರಲ್ಲ.

ಸರಕಾರದ ಕೆಲಸ ಮುಗಿಯುವ ತನಕ ಶಾಲೆಯು ಕಾಯಬೇಕಾಗಿಲ್ಲ. ಮುಂದಾಗಿ ಒಬ್ಬ ಶಿಕ್ಷಕಿಯು ಹೋಗಿ ಮೆಟ್ಟಿಲುಗಳನ್ನು ಎಣಿಸಿ ಬರಲಿ. ಒಂದು ದಿನಕ್ಕೆ ಎಂಟು ಸ್ಥಳಗಳ ಬದಲು ಮೂರೇ ಇರಲಿ. ಬಿಸಿಲಿಗೆ ಕಲ್ಲು ಕಾಯುವ ಮುಂಚೆಯೇ ನೋಡುವದು ಮುಗಿಯಲಿ. ಟಾಂಗಾ ಹತ್ತಲು ಎತ್ತರವಾದರೆ ಆಟೋ ಗೊತ್ತುಮಾಡಲಿ. ಎತ್ತಿಕೊಳ್ಳುವದಾದರೆ ಮೊದಲು ಅವಳನ್ನೇ ಕೇಳತಕ್ಕದ್ದು. ಮೂಟೆಯಂತೆ ಹೊತ್ತುಕೊಂಡು ಹೋಗುವದೂ ಒಂದು ಅವಮಾನವೇ. ಎಲ್ಲಕ್ಕಿಂತ ಮುಖ್ಯವಾಗಿ, ತರಗತಿಯೆಲ್ಲವೂ ಮೊದಲ ಅರ್ಧ ಗಂಟೆ ಗುಮ್ಮಟದ ನೆಲದ ಮೇಲೆ ಒಟ್ಟಾಗಿ ಕೂಡ್ರಲಿ. ಅಲ್ಲಿ ಕಮಾನುಗಳನ್ನು ಎಣಿಸಿ ವಿವರಿಸುವ ಕೆಲಸವು ಹತ್ತಲಾರದ ಬಾಲಿಕೆಯದಾಗಲಿ. ಅದಕ್ಕೆ ಬೇಕಾದ ಪುಸ್ತಕವನ್ನು ತಿಂಗಳ ಮುಂಚೆ ಅವಳ ಕೈಗೆ ಕೊಡಲಿ. ಆಮೇಲೆ ಹತ್ತುವವರು ಹತ್ತಲಿ. ಒಬ್ಬ ಶಿಕ್ಷಕಿಯೂ ಇಬ್ಬರು ಗೆಳತಿಯರೂ ಅವಳ ಸಂಗಡ ಕೆಳಗಿರಲಿ.

ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ಕಥೆಯನ್ನು ನಮ್ಮ ಬಾಲಿಕೆಯರೆಲ್ಲರೂ ಬಲ್ಲರು. ಬಾಗಿಲಲ್ಲಿ ಜನರ ಗುಂಪಿತ್ತು. ನೀನು ಇಲ್ಲಿಯೇ ಇರು, ಸ್ವಾಮಿಯು ಹೇಳಿದ್ದನ್ನು ನಾವು ಬಂದು ತಿಳಿಸುತ್ತೇವೆಂದು ಅವರು ಅವನಿಗೆ ಹೇಳಲಿಲ್ಲ, ಮಾಳಿಗೆಯನ್ನೇ ತೆರೆದರು. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳೆದ ನಮಗೆ ಅದು ಎಷ್ಟು ಶ್ರಮದ ಕೆಲಸವೆಂಬದು ಗೊತ್ತು. ಪ್ರವಾಸಕ್ಕೆ ಅಷ್ಟು ಶ್ರಮವೂ ಬೇಡ. ಬರುವ ವರುಷದ ಪಟ್ಟಿಯಲ್ಲಿ ಆ ಬಾಲಿಕೆಯ ಹೆಸರನ್ನು ಮೊದಲು ಬರೆದು, ಉಳಿದ ಏರ್ಪಾಟನ್ನು ಅದಕ್ಕೆ ತಕ್ಕಂತೆ ಮಾಡಬೇಕೆಂದು ನಮ್ಮ ಸಹೋದರಿ ಶಿಕ್ಷಕಿಯರಲ್ಲಿಯೂ ಪಾಲಕರಲ್ಲಿಯೂ ವಿಜ್ಞಾಪಿಸುತ್ತೇವೆ.